ಹೊಟ್ಟೆಯಡಿಯ ತಗಡು

ಅಬಾನೋ ಘಾಟಿ ತೆರೆಯಲು ಇನ್ನೂ ಹನ್ನೊಂದು ದಿನ.
ಮೇಲೆ ಹಿಮ ಕಡಿಯುವ ಯಂತ್ರದ ಸದ್ದು
ಕೆಳಗೆ ಅಲ್ವಾನಿಯ ತನಕ ಬರುವುದಿಲ್ಲ.
ಆದರೂ ಎಲಿಜ್ಬಾರ್ ಗರಾಜಿನ ಬಾಗಿಲಲ್ಲಿ
ಕಿವಿಗೊಟ್ಟು ನಿಲ್ಲುತ್ತಾನೆ
ಕೈಯ ಚಹಾ ಆರುವಷ್ಟು ಹೊತ್ತು.

ಅವನ ಡೆಲಿಕಾ ವ್ಯಾನು ಜಪಾನಿನದು.
ಸ್ಟಿಯರಿಂಗು ಬಲಕ್ಕೆ. ಬಾಗಿಲ ಮೇಲೆ
ಮೀನಂಗಡಿಯದೋ ಶಾಲೆಯದೋ ಹೆಸರು,
ಓದಬಲ್ಲವರು ಊರಲ್ಲಿಲ್ಲ.
ಕವಚ ಪೋಲೆಂಡಿನದು:
ಮರದ ಪೆಟ್ಟಿಗೆಯಲ್ಲಿ ದಪ್ಪ ತಗಡು ಮೂರು,
ಪಕ್ಕೆಗೆ ಕಟ್ಟುವ ಉಕ್ಕಿನ ಕೊಳವೆ ಎರಡು,
ಹದಿನಾರು ಬೋಲ್ಟು, ಚಿತ್ರ ಬಿಡಿಸಿದ ಒಂದು ಹಾಳೆ.

ಎಷ್ಟು ಭಾರ? ಅಂದ.
ಎಂಬತ್ತೆರಡು ಕಿಲೋ, ಅಂದ ಮಾಲ್ಖಾಜ್.
ಎರಡು ಕುರಿ,
ಅಂತ ತಲೆ ಕೆರೆದುಕೊಂಡ ಎಲಿಜ್ಬಾರ್.
ಹತ್ತದ, ಇಳಿಯದ, ಬಾಡಿಗೆ ಕೊಡದ
ಎರಡು ಕುರಿ ಇನ್ನು ಬೇಸಿಗೆಯುದ್ದಕ್ಕೂ.

ಕವಚ ತೊಟ್ಟೇ ಹುಟ್ಟಿದವರ ಕಥೆಯುಂಟು.
ಅವರಿಗೆ ಸುಲಿದು ಕೊಡುವ ಕಷ್ಟ.
ನಮಗೆ ತೊಡಿಸುವ ಕಷ್ಟ.

ಮೈ ಸಣ್ಣದೆಂದು ಕೆಳಗಿನ ಕೆಲಸ ನನ್ನದು.
ಬೆನ್ನಿಗೆ ರಟ್ಟು, ಕಣ್ಣಿಗೆ ಉದುರುವ ಮಣ್ಣು.
ಹಳೆಯ ಬೋಲ್ಟುಗಳು ಬಿಡಲೊಲ್ಲವು.
ಡೀಸೆಲ್ ಕುಡಿಸಿದೆ, ಬೆಂಕಿ ತೋರಿಸಿದೆ,
ಕೊನೆಗೆ ಬಾಯಿಗೆ ಬಂದಂತೆ ಬೈದೆ.
ಒಂದು ಮುರಿಯಿತು.
ಉಳಿದವು ನಾಚಿಕೊಂಡು ಸಡಿಲಾದವು.

ಹಳೆಯ ತಗಡು ನನ್ನ ಎದೆಯ ಮೇಲೇ ಬಿತ್ತು.
ಹೊರಮೈ ತುಂಬ ಗೀರು.
ಒಳಮೈಯ ಗ್ರೀಸು ಒರೆಸಿದರೆ
ಕೆಂಪು ಅಂಚು, ಕಪ್ಪು ಇಳಿಜಾರು,
ಉರುಳುತ್ತಿರುವ ಮೂರು ಕಲ್ಲು.

ದಾರಿಫಲಕ.

ಯಾರೂ ಮಾತಾಡಲಿಲ್ಲ.
ಕಂಪ್ರೆಸರು ತನ್ನಷ್ಟಕ್ಕೆ ಉಸಿರು ತುಂಬಿಕೊಂಡು
ತಾನೂ ಸುಮ್ಮನಾಯಿತು.

"ಏಳನೇ ತಿರುವಿನದು," ಅಂದ ಎಲಿಜ್ಬಾರ್.
"ಕಲ್ಲು ಬಡಿದು ಆಯಿಲು ಸೋರ್ತಿತ್ತು. ಒಳಗೆ ಒಂಬತ್ತು ಜನ,
ಕುರಿದೊಗಲ ಚೀಲದಲ್ಲಿ ಚೀಸು, ಹೊರಗೆ ಮಳೆ.
ಕೈಗೆ ಸಿಕ್ಕ ಕಬ್ಬಿಣ ಅದೊಂದೇ.
ನಮ್ಮವರಿಗೆ ಗೊತ್ತಲ್ಲ ಅಲ್ಲಿ ಕಲ್ಲು ಬೀಳ್ತದೆ ಅಂತ.
ಹೊರಗಿನವರು ನೋಡೋದು ಬೆಟ್ಟಾನ."
ಯಾರೂ ಕೇಳದಿದ್ದರೂ ಹೇಳುತ್ತಲೇ ಇದ್ದ.

ಎಂಟು ಬೇಸಿಗೆ
ಎಂಜಿನ್ನಿಗೆ ಮಾತ್ರ ಮುಖ ತೋರಿಸುತ್ತ
ಒಂದು ಎಚ್ಚರಿಕೆ
ಘಾಟಿ ಹತ್ತಿ ಇಳಿದಿತ್ತು.

ಹೊಸದರ ತೂತುಗಳು ಕೂಡಲಿಲ್ಲ.
ಎಡಕ್ಕೆ ಸ್ಟಿಯರಿಂಗಿರುವ ವ್ಯಾನಿಗೆ ಅಳೆದ ತಗಡು,
ಹಾಳೆಯ ಚಿತ್ರ ಕನ್ನಡಿಯಲ್ಲಿ ನೋಡಿದರಷ್ಟೇ ನಿಜ.
ಕೊರೆದೆವು, ಕೊಯ್ದೆವು, ಜಾಕು ಕೊಟ್ಟು ಒತ್ತಿದೆವು,
ಕೊಯ್ದ ಅಂಚಿಗೆ ತುಕ್ಕು ಹಿಡಿಯದಂತೆ ಬಣ್ಣ ಸವರಿದೆವು.
ಸಂಜೆಗೆ ಹದಿನಾಲ್ಕು ಬೋಲ್ಟು ಕೂತವು.
ಎರಡು ಮಿಕ್ಕವು.
ಮಿಕ್ಕ ಬೋಲ್ಟು ಒಳ್ಳೆಯದಲ್ಲ, ಅಂದ ಮಾಲ್ಖಾಜ್.
ಎಲಿಜ್ಬಾರ್ ಅವನ್ನು ಜೇಬಿಗಿಳಿಸಿದ.
ತಗಡಿಗೆ ಕಪ್ಪು ಹೊಡೆಯಲೇ? ಅಂದೆ.
ಹೊಡಿ, ಮೊದಲ ಕಲ್ಲಿನ ತನಕ ಇರುತ್ತದೆ.

ಮೊದಲ ಓಡಾಟಕ್ಕೆ ನನ್ನನ್ನೂ ಕರೆದ.
ನಾಲ್ಕನೇ ತಿರುವಿನಲ್ಲಿ ಕಾಲಡಿ ಟಣ್ಣೆಂದಿತು,
ಹಿಂದೆ ಕುರಿಯೊಂದು ಉತ್ತರ ಕೊಟ್ಟಿತು.
ಅವನ ಮೀಸೆ ಒಂಚೂರು ಅಲುಗಿತು.
ಏಳನೆಯದರಲ್ಲಿ ವ್ಯಾನು ನಿಲ್ಲಿಸಿ
ಗಾಲಿಗೆ ಕಲ್ಲು ಕೊಟ್ಟು ಇಳಿದ.
ಬೋಳು ಕಂಬ ಇನ್ನೂ ಇತ್ತು, ತೂತೆರಡರ ಸಮೇತ.

ಎಂಜಿನ್ನಿನ ಹೊಟ್ಟೆಯ ಅಳತೆಗೆ ಬಾಗಿದ ಫಲಕ
ಎಷ್ಟು ತಿರುಗಿಸಿದರೂ ಸೊಟ್ಟಗೇ ನಿಂತಿತು.
ಉರುಳುವ ಮೂರು ಕಲ್ಲುಗಳ ಪಕ್ಕ
ನಿಜದ ಕಲ್ಲುಗಳು ಒಳಗಿಂದ ಗುದ್ದಿದ ಗುಬುಟು:
ನಾಲ್ಕು, ಐದು. ಎಣಿಸುವುದು ಬಿಟ್ಟೆ.

ಹಿಂದೆ ಬಂದ ಬಾಡಿಗೆ ಜೀಪು ಹಾರ್ನು ಹೊಡೆಯಿತು,
ಒಳಗಿನ ಹುಡುಗಿ ಫೋನೆತ್ತಿ ಕಣಿವೆಯ ಚಿತ್ರ ಹಿಡಿದಳು.
ಎಲಿಜ್ಬಾರ್ ಒತ್ತಿ ನಿಂತು ದಾರಿ ಬಿಟ್ಟ.
ಆಮೇಲೆ, ಸ್ಪ್ಯಾನರು ಕೈಯಲ್ಲೇ ಇರಲು,
ತಲೆಯೆತ್ತಿ ಬಂಡೆಗಳನ್ನು ನೋಡುತ್ತ ನಿಂತ
ಚಹಾ ಆರುವಷ್ಟು ಹೊತ್ತು.