ಎರಡು ಚುಕ್ಕೆ

ಕುಂಬಳೆ ಪೇಟೆಯಲ್ಲಿ, ಮೊಬೈಲು ರಿಪೇರಿ ಅಂಗಡಿಯ ಮೇಲೆ
ನನ್ನ ಇನ್‌ಸ್ಟಿಟ್ಯೂಟಿನ ತಗಡಿನ ಬೋರ್ಡು.
ಬೀಗದ ಕೈಯಿಂದ ಅಂಚು ಕೆರೆದರೆ
ನಾನು ಹೇಳಿದ ಭವಿಷ್ಯಗಳೆಲ್ಲ
ಒಂದರಡಿ ಒಂದು ಸಿಗುತ್ತವೆ.

ಮೇಲೆ ನೀಲಿ: ಟ್ಯಾಲಿ, ಜಿಎಸ್‌ಟಿ ಬಂದ ವರ್ಷದ್ದು.
ಅದರಡಿ ಹಳದಿ: ಡಿಟಿಪಿ.
ಮದುವೆ ಕಾಗದ ಇರುವ ತನಕ ಇದಕ್ಕೆ ಸಾವಿಲ್ಲ
ಎಂದು ಎಷ್ಟು ಅಪ್ಪಂದಿರಿಗೆ ಮಾತು ಕೊಟ್ಟಿದ್ದೆನೋ.
ಇನ್ನೂ ಅಡಿಗೆ ಕಪ್ಪು:
ಟೈಪ್‌ರೈಟಿಂಗ್, ಶೀಘ್ರಲಿಪಿ. ಕನ್ನಡ, ಇಂಗ್ಲಿಷ್, ಮಲಯಾಳ.
ಏಳು ಮಷಿನು. ಬೆಳಗ್ಗೆ ಆರರ ಬ್ಯಾಚಿನ ಸದ್ದು ಕೇಳಿಯೇ
ಆಗ ಕೆಳಗಿದ್ದ ಹೋಟೆಲಿನವ ಒಲೆ ಹಚ್ಚುತ್ತಿದ್ದ.

ಮೂರನ್ನೂ ಬರೆದವ ಐತ್ತಪ್ಪ.
ಒಂದು ಸಲವೂ ಕೇಳಲಿಲ್ಲ ಅವ,
ಇದು ನಡೆದೀತಾ ಟೀಚರೇ, ಎಂದು.
ನಾನೂ ಹೇಳಲಿಲ್ಲ ಅವನಿಗೆ,
ಫ್ಲೆಕ್ಸ್ ಬರುತ್ತದೆ ಅಂತ.
ಊರಿನ ಮಕ್ಕಳ ಕೆಲಸದ ಜಾತಕ ನೋಡುವವಳಿಗೆ
ಏಣಿ ಹಿಡಿದು ನಿಂತಾಗ
ತಲೆಯ ಮೇಲಿನ ಕುಂಚ ಕಾಣಲಿಲ್ಲ.

ಕಳೆದ ತಿಂಗಳು ಎರ್ನಾಕುಳದಿಂದ ಒಬ್ಬ ಹುಡುಗ ಬಂದ.
ಲ್ಯಾಪ್‌ಟಾಪು ತೆರೆದು ಏರುವ ಗೆರೆ ತೋರಿಸಿದ;
ಹತ್ತು ಲಕ್ಷ ಜಾಹೀರಾತು ಓದಿದ ಗೆರೆಯಂತೆ ಅದು.
ಕಾಸರಗೋಡು ಜಿಲ್ಲೆಗೆ ಇನ್ನೈದು ವರ್ಷ
ನರ್ಸಿಂಗು, ಜರ್ಮನ್ ಭಾಷೆ, ಸೋಲಾರ್ ಫಿಟ್ಟಿಂಗು.
ಆರನೇ ವರ್ಷ? ಎಂದೆ.
ಗೆರೆ ಪರದೆಯ ಅಂಚಿಗೆ ಬಂದು ನಿಂತಿತ್ತು.
ಅವ ನಕ್ಕ. ಒಳ್ಳೆಯ ಹುಡುಗ.
ಚಾ ಕುಡಿದು ಮಂಗಳೂರು ಬಸ್ಸು ಹತ್ತಿದ.

ಈಗ ಐವತ್ತಾರರಲ್ಲಿ ನಾನು ಜರ್ಮನ್ ಕಲಿಯುತ್ತಿದ್ದೇನೆ,
ಮಿಸ್ರಿಯಾಳಿಗಿಂತ ಎರಡೇ ಪಾಠ ಮುಂದೆ.
ಚಮಚ ಗಂಡು, ಮುಳ್ಳುಚಮಚ ಹೆಣ್ಣು,
ಚೂರಿ ಎರಡೂ ಅಲ್ಲ.
ಹುಡುಗಿಯೂ ಎರಡೂ ಅಲ್ಲ ಎಂದಾಗ
ಇಡೀ ಬ್ಯಾಚು ನಕ್ಕಿತು.
ಮಿಸ್ರಿಯಾ ನಗಲಿಲ್ಲ, ಬರೆದುಕೊಂಡಳು.
ವೀಸಾ ಯಾವ ಲಿಂಗ, ಟೀಚರ್?
ಪುಸ್ತಕ ನೋಡಿ ನಾಳೆ ಹೇಳುತ್ತೇನೆ ಎಂದೆ.
ಅವಳ ಉಮ್ಮನಿಗೆ ಹಾಗೆ ಎಂದೂ ಹೇಳಿರಲಿಲ್ಲ.
ಕಪ್ಪು ಬೋರ್ಡಿನ ಕಾಲದ ಹುಡುಗಿ ಅವಳು,
ಮಿನಿಟಿಗೆ ನಲ್ವತ್ತೈದು ಶಬ್ದ,
ಒಂದು ದಿನವೂ ಆಫೀಸು ಹತ್ತಲಿಲ್ಲ;
ಪತ್ತಿರಿ ತಟ್ಟುವಾಗ ಈಗಲೂ ಬೆರಳು
ತಾನಾಗಿ ಎ ಎಸ್ ಡಿ ಎಫ್ ಒತ್ತುತ್ತದಂತೆ.

ಫ್ಲೆಕ್ಸ್ ಮಾಡಿಸಿ, ಅಗ್ಗ, ಎಂದರು ಎಲ್ಲರೂ.
ನಾನು ಐತ್ತಪ್ಪನಿಗೆ ಫೋನು ಮಾಡಿದೆ.
ಪೆಟ್ರೋಲು ಬಂಕಿನ ರಾತ್ರಿ ಕಾವಲು ಮುಗಿಸಿ
ನೇರ ಬಂದ, ಕುಂಚಗಳ ಡಬ್ಬಿ ಹಿಡಿದು.
ನನ್ನ ಚೀಟಿಯನ್ನು ಹತ್ತಿರ ಹಿಡಿದು, ದೂರ ಹಿಡಿದು,
ಈ ಸೊನ್ನೆಯ ಮಂಡೆಯಲ್ಲಿ ಎರಡು ಚುಕ್ಕೆ ಎಂತದು?
ಮಸಿ ಬಿದ್ದದ್ದಾ?
ಅಲ್ಲ ಮಾರಾಯ. ತುಟಿ ಉರುಟು, ನಾಲಗೆ ಮುಂದೆ;
ಓ ಅಂತಲೂ ಅಲ್ಲ, ಏ ಅಂತಲೂ ಅಲ್ಲ.

ಏಣಿಯ ಏಳನೇ ಮೆಟ್ಟಿಲಲ್ಲಿ
ಒಂದು ಚುಕ್ಕೆ ಇಟ್ಟ. ಕುಂಚ ಅದ್ದಿ ಇನ್ನೊಂದು.
ಆಮೇಲೆ, ಯಾರೂ ಫೀಸು ಕೇಳದ ಆ ಎತ್ತರದಲ್ಲಿ
ಅರುವತ್ತೆಂಟರ ಬೊಚ್ಚುಬಾಯಿ ಉರುಟು ಮಾಡಿ
ಅಂದು ನೋಡಿದ. ಬರಲಿಲ್ಲ.
ಇನ್ನೊಮ್ಮೆ ಅಂದ.
ಕೆಳಗೆ ಏಣಿ ಹಿಡಿದು
ನಾನೂ ಅಂದೆ.