ಷರಾ

ಬೆಳಿಗ್ಗೆ ಎಂಟೂವರೆಗೆ, ಒಂದು ನಿಮಿಷ ಆಚೀಚೆ ಇಲ್ಲ,
ಜಗಳೂರಿನ ಪ್ರವಾಸಿ ಮಂದಿರದ ಹಿಂದೆ
ಮುಳ್ಳುತಂತಿಯ ಪುಟ್ಟ ಗೇಟು ತೆಗೆದು
ಮಳೆಮಾಪಕದ ಕೊರಳು ತಿರುಗಿಸುತ್ತೇನೆ.
ಗಂಡನ ಕೆಲಸ ಇದು. ಅನುಕಂಪದ ಆಧಾರದಲ್ಲಿ
ನನಗೆ ಬಂದದ್ದು: ಒಂದು ರಿಜಿಸ್ಟರು, ಒಂದು ಕೀಲಿಕೈ,
ಅಂಚು ಸೀಳಿದ ಅಳತೆಯ ಗ್ಲಾಸು.

ಆ ಸಲ ಪುಷ್ಯದಲ್ಲಿ ಕೈಬಿಟ್ಟ ಮಳೆ
ಆಶ್ಲೇಷದಲ್ಲೂ ಇತ್ತ ತಲೆ ಹಾಕಲಿಲ್ಲ.
ಸೊನ್ನೆಯ ಕೆಳಗೆ ಸೊನ್ನೆ ಬರೆದೆ,
ಬಳೆಗಾರ ದಾರಕ್ಕೆ ಪೋಣಿಸಿದ ಹಾಗೆ
ಹತ್ತೊಂಬತ್ತು.
ಕೊಳವೆಯೊಳಗೆ ಒಮ್ಮೆ ಜೀರುಂಡೆ, ಒಮ್ಮೆ ಬೇವಿನ ಹಣ್ಣು.
ಅವಕ್ಕೆ ರಿಜಿಸ್ಟರಿನಲ್ಲಿ ಮನೆಯಿಲ್ಲ.

ಇಪ್ಪತ್ತೊಂದಾದರೆ ತಾಲ್ಲೂಕು ಪಟ್ಟಿಗೆ ಸೇರುತ್ತದೆ,
ಅಂದಿದ್ದ ಕಂದಾಯದ ಗುಮಾಸ್ತ ಅಜ್ಜಯ್ಯ.
ಆಮೇಲೆ ಮೇವು, ಟ್ಯಾಂಕರು, ಕೆರೆ ಹೂಳಿಗೆ ಅನುದಾನ,
ಆಮೇಲೆ ದೊಡ್ಡವರ ಜೀಪು.
ಇನ್ನೆರಡೇ. ಊರು ಬೆರಳು ಮಡಿಚಿ ಎಣಿಸುತ್ತಿತ್ತು
ಬಸುರಿಯ ದಿನ ಎಣಿಸಿದ ಹಾಗೆ.

ಇಪ್ಪತ್ತನೆಯ ರಾತ್ರಿ, ಮೂರರ ಜಾವ,
ತಗಡಿನ ಮೇಲೆ ಯಾರೋ ಶೇಂಗಾ ಸುರಿದ ಸದ್ದು.
ಎದ್ದು ಬರುವಷ್ಟರಲ್ಲಿ ಮುಗಿದಿತ್ತು.
ನಮ್ಮ ಓಣಿ ಒದ್ದೆ, ಬಸ್ ಸ್ಟ್ಯಾಂಡು ಒಣ.
ಹೊತ್ತಿಗೆ ಸರಿಯಾಗಿ ಗ್ಲಾಸಿಗೆ ಬಗ್ಗಿಸಿದೆ:
ನಾಲ್ಕು ಗೆರೆ, ಮೇಲೊಂದಿಷ್ಟು.

ತಂತಿಯಾಚೆ ಆಗಲೇ ಐದಾರು ಜನ.
ಟ್ಯಾಂಕರಿನ ದಾದಾಪೀರ, ಪಂಚಾಯ್ತಿ ಸದಸ್ಯೆ ಪಾಲಕ್ಕ,
ಬೇವಿನ ಕಡ್ಡಿ ಇನ್ನೂ ಬಾಯಲ್ಲೇ ಇದ್ದ ಅಜ್ಜಯ್ಯ.
“ಆ ದಾಸವಾಳಕ್ಕೆ ಹಾಕವ್ವ ಅದನ್ನ. ಯಾರು ನೋಡ್ಯಾರು?”
“ನಾಕು ಹನಿಗೆ ನಾಕು ಕೋಟಿ ಹೋಗ್ತೈತೆ!”
ಪಾಲಕ್ಕ ಮಾತ್ರ ಕೂಗಲಿಲ್ಲ. ಹತ್ತಿರ ಬಂದು,
“ಸುಳ್ಳು ಬರಿ ಅಂತಿಲ್ಲ ಕಣವ್ವ. ಕೆರೆ ತೂಬು ಮುರಿದು
ಹನ್ನೊಂದು ವರ್ಷ. ಮಳೆ ಬಂದಾಗ ಕೇಳಿದ್ರೆ
ನೀರೈತಲ್ಲ ಅಂತಾರೆ. ನೀರು ಹೋದಾಗ ಕೇಳಿದ್ರೆ
ಬರ ಅಂತ ಬರೆಸ್ಕೊಂಡು ಬಾ ಅಂತಾರೆ.
ಇನ್ಯಾವಾಗ ಕೇಳ್ಬೇಕು, ಹೇಳು.”

ಉತ್ತರ ನನ್ನಲ್ಲಿರಲಿಲ್ಲ. ಕೈಯಲ್ಲಿ ಗ್ಲಾಸಿತ್ತು.
ಗುಬ್ಬಿಯ ಸ್ನಾನಕ್ಕೂ ಸಾಲದಷ್ಟು ನೀರು,
ಒಂದು ತಾಲ್ಲೂಕಿನಷ್ಟು ಭಾರ.
ಮೂವತ್ತು ವರ್ಷ ನನ್ನ ಗಂಡ ಈ ಗೆರೆಗಳಿಗೆ
ಕಣ್ಣು ಸಮ ಹಿಡಿದು ಬಗ್ಗಿದ್ದ.
ಕುಡಿದ ದಿನ ಸಹಿ ನಡುಗಿದೆ, ಅಂಕಿ ನಡುಗಿಲ್ಲ.

ಬರೆದೆ: ೪.೨
ಬೆನ್ನ ಹಿಂದೆ ಯಾರೋ ಉಗಿದರು.

ಆಗ ಕಂಡಿತು ಕೊನೆಯ ಕಾಲಮ್ಮು. ಷರಾ.
ಮೂರು ಬೆರಳಗಲ. ಎಷ್ಟು ಪುಟ ತಿರುವಿದರೂ
ಯಾರೂ ಒಂದಕ್ಷರ ಬಿತ್ತದ ಬೀಳು.
ಅಲ್ಲಿ ಬರೆಯತೊಡಗಿದೆ:
ಬಿದ್ದ ಮಳೆ ಬಸ್ ಸ್ಟ್ಯಾಂಡು ದಾಟಿಲ್ಲ.
ಕೆರೆಯಂಗಳದಲ್ಲಿ ಹುಡುಗರು ವಿಕೆಟ್ ನೆಟ್ಟಿದ್ದಾರೆ.
ತೂಬಿನ ಬಾಯಿಗೆ ಗೋಣಿಚೀಲ ತುರುಕಿದೆ.
ಎಂಟುನೂರು ಅಡಿಯಿಂದ ಬೋರು ಬರೀ ಹಿಟ್ಟು ಉಗುಳುತ್ತದೆ.
ಆಮೇಲೆ ಅಂಚಿಗೆ, ಆಮೇಲೆ ಅಡ್ಡಡ್ಡ,
ನಾಳೆಯ ತಾರೀಖಿನ ಮನೆಯೊಳಕ್ಕೂ:
ದುಡ್ಡು ಕೊಡುವುದಾದರೆ ಮಳೆಗೆ ಮುಂಚೆ ಕೊಡಿ,
ಹೆರಿಗೆ ಆದ ಮೇಲೆ ಸೂಲಗಿತ್ತಿ ಏಕೆ.

ಪಟ್ಟಿ ಬಂತು. ನಾವಿರಲಿಲ್ಲ.
ಆ ಬೇಸಿಗೆಯಿಡೀ ಓಣಿಯ ಕೊನೇ ಬಿಂದಿಗೆ ನನ್ನದೇ,
ದಾದಾಪೀರ ಮುಖ ಕೊಟ್ಟು ಮಾತಾಡಲಿಲ್ಲ.
ಪಾಲಕ್ಕ ಆ ಪುಟ ಜೆರಾಕ್ಸ್ ಮಾಡಿಸಿ
ದಾವಣಗೆರೆಗೆ ಹೋದಾಗಲೆಲ್ಲ
ಒಂದೊಂದು ಮೇಜಿನ ಮೇಲೆ ಇಟ್ಟು ಬಂದಳು,
ಮೇಲೊಂದು ಪೇಪರ್‌ವೇಟ್ ಹೊರಿಸಿ.

ಮುಂಗಾರಿಗೆ ಲಕೋಟೆ ಬಂತು:
ಷರಾ ಕಾಲಮ್ಮಿನಲ್ಲಿ ಅನಗತ್ಯ ವಿವರ ನಮೂದಿಸಿದ ಬಗ್ಗೆ
ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.
ಜೊತೆಗೆ, ಹತ್ತಿ ಸುತ್ತಿದ ಡಬ್ಬಿಯಲ್ಲಿ,
ಹೊಸ ಗ್ಲಾಸು. ನನ್ನ ಗಂಡ ಎಂದೋ ಬೇಡಿದ್ದು.
ಅದಕ್ಕೀಗ ಮಂಜೂರಾತಿಯಾಗಿದೆ.

ಬೆಳಕಿಗೆ ಹಿಡಿದೆ. ಒಂದು ಗೀರಿಲ್ಲ.
ಸೊನ್ನೆಯ ಗೆರೆ ಎಷ್ಟು ಸ್ಪಷ್ಟ.
ಸಮಜಾಯಿಷಿ ಬರೆಯಬೇಕು. ಏಳು ದಿನ ಇದೆ,
ಹಾಳೆ ಈ ಸಲ ಪೂರ್ತಿ ಅಗಲ.