ಕಡಲ ಕಡ

ಕೇಬಲ್ ಬಂಡಿ ಇಳಿಯುತ್ತ ಇಳಿಯುತ್ತ ಕಿವಿ ಗವ್ವೆಂದು ಮುಚ್ಚುತ್ತದೆ.
ಮೇಲೆ ಭೂಶಿರದಲ್ಲಿ ಹಿಮ ಅಡ್ಡಡ್ಡ ಬೀಳುತ್ತಿತ್ತು.
ಇಲ್ಲಿ ಬೇಸಿಗೆಯೂ ಇಲ್ಲ, ಚಳಿಯೂ ಇಲ್ಲ,
ವರ್ಷವಿಡೀ ಒಂದೇ ತೇವದ ಮಾಸ.

ನನ್ನ ಪಾಳಿ ರಾತ್ರಿ ಹತ್ತರಿಂದ.
ಕೆಲಸ ಹೇಳಿಕೊಳ್ಳುವಂಥದ್ದಲ್ಲ:
ಸೋರಿದ್ದನ್ನು ಎತ್ತುವುದು.
ತ್ಸುಗಾರು ಜಲಸಂಧಿ ನೆತ್ತಿಯ ಮೇಲೆ ಮಗ್ಗುಲು ಬದಲಿಸುತ್ತದೆ,
ಬಂಡೆಯ ಬಿರುಕು ಬಿರುಕಿಗೂ ಬೆರಳಿಟ್ಟು ನೋಡುತ್ತದೆ.
ಬಸಿದದ್ದು ಚರಂಡಿಗೆ, ಚರಂಡಿಯದ್ದು ಬಾವಿಗೆ,
ಬಾವಿಯದ್ದು ಪಂಪಿಗೆ, ಪಂಪಿನದ್ದು ಮತ್ತೆ ಕಡಲಿಗೆ.
ಹನಿ ಹನಿ ಕೂಡಿದರೆ ಹಳ್ಳವಂತೆ.
ಕೂಡದ ಹಾಗೆ ನೋಡಿಕೊಂಡಿದ್ದಕ್ಕೆ
ನನಗೆ ತಿಂಗಳ ಸಂಬಳ.

ರೈಲು ಓಡುವ ಈ ಜಾಗ ನಮ್ಮದಲ್ಲ,
ಕಡಲಿನಿಂದ ಕಡ ತಂದದ್ದು.
ಮೇಲಿಂದ ದಾಟಿದ ಕಾಲದಲ್ಲಿ ಒಂದು ಬಿರುಗಾಳಿಯ ರಾತ್ರಿ
ಹಡಗನ್ನು ರೈಲು ಡಬ್ಬಿಗಳ ಸಮೇತ ನುಂಗಿತು.
ಹಾಗಾಗಿ ಕೆಳಗಿನಿಂದ ಕೇಳಿದೆವು.
ಅಸಲು ವಸೂಲಿಗೆ ಅದಕ್ಕೆ ಅವಸರವಿಲ್ಲ.
ಬಡ್ಡಿ ಮಾತ್ರ ನಿಮಿಷ ನಿಮಿಷಕ್ಕೂ, ಟನ್ನುಗಟ್ಟಲೆ,
ಅದರದೇ ನೀರಿನಲ್ಲಿ.

ಅಮ್ಮ ಇಲ್ಲಿಗೆ ಒಮ್ಮೆಯೂ ಇಳಿದಿಲ್ಲ.
ಅಗೆಯುವಾಗ ಹೆಂಗಸರಿಗೆ ಸುರಂಗದ ಬಾಯಿಯೇ ಗಡಿ:
ಬೆಟ್ಟದ ದೇವಿಗೆ ಹೊಟ್ಟೆಕಿಚ್ಚು,
ಇನ್ನೊಬ್ಬಳನ್ನು ಕಂಡರೆ ಮಾಡು ಕೆಡವುತ್ತಾಳೆ ಎನ್ನುತ್ತಿದ್ದರು.
ಅಮ್ಮ ಹೊರಗೆ ಬಟ್ಟೆ ಒಗೆದಳು.
ಮುನ್ನೂರು ಗಂಡಸರ ಅಂಗಿ, ಷರಾಯಿ, ಮೊಣಕಾಲಿನ ಪಟ್ಟಿ.
ಒಳಗಿನ ಸಂಗತಿ ಅವಳಿಗೆ ಕೊಳೆಯಲ್ಲೇ ತಿಳಿಯುತ್ತಿತ್ತು:
ಈ ವಾರ ಬೂದು ಮಣ್ಣು, ಈ ವಾರ ಸಿಡಿಮದ್ದಿನ ನಾತ,
ಈ ವಾರ ಸಿಮೆಂಟು, ಉಜ್ಜಿದಷ್ಟೂ ಅಂಗೈ ಒಡೆಯುವುದು.

ಒಂದು ಸಂಜೆ, ಒಗೆಯಲು ಬಂದ ರಾಶಿ ಒಲೆಯ ಪಕ್ಕ ಒಣಗಿ
ಅಂಗಿಗಳ ಬೆನ್ನಿಗೆಲ್ಲ ಬಿಳಿ ಗೆರೆ.
ಬೆವರು, ಅಂದ ಮೇಸ್ತ್ರಿ ಕಾಕಿಜಾಕಿ.
ಅಮ್ಮ ಒಂದು ತೋಳನ್ನು ನೆಕ್ಕಿ ನೋಡಿದಳು.
ಬೆವರಿನ ಉಪ್ಪು ಅವಳಿಗೆ ಗೊತ್ತಿಲ್ಲದ್ದೇ?
ಇದು ಕಡಲು, ಅಂದಳು. ಅವನು ನಕ್ಕ.
ಮೂರನೆಯ ದಿನ ಬಟ್ಟೆ ಬರಲಿಲ್ಲ. ಯಾರದ್ದೂ.
ಐದನೆಯ ದಿನ ಬಂತು,
ಎರಡು ಜೋಡಿ ಕಮ್ಮಿ.
ಲೆಕ್ಕದ ಪುಸ್ತಕದಲ್ಲಿ ಆ ಎರಡು ಹೆಸರಿನ ಮುಂದಿನ ಮನೆ
ಇವತ್ತಿಗೂ ಖಾಲಿ. ಹೊಡೆದು ಹಾಕಿಲ್ಲ.

ಈಗ ಪ್ರವಾಸಿಗರೂ ಇಳಿಯುತ್ತಾರೆ, ನೀನೂ ಬಾ ಅಂದರೆ,
ಮುದುಕಿಯರನ್ನು ಕಂಡು ದೇವಿ ಹೊಟ್ಟೆಕಿಚ್ಚು ಪಡುವುದಿಲ್ಲ,
ಆ ಅವಮಾನ ಬೇರೆ ಬೇಕೇ ನನಗೆ, ಎನ್ನುತ್ತಾಳೆ.

ಎರಡೂಕಾಲಿಗೆ ಸರಕು ರೈಲು.
ಮೊದಲು ಗಾಳಿ, ಆಮೇಲೆ ಹಳಿಯ ಸಣ್ಣ ಸಿಳ್ಳು,
ಆಮೇಲೆ ಹೊಕ್ಕಾಯ್ಡೊದ ಈರುಳ್ಳಿ, ಡಬ್ಬಿಯ ಹಿಂದೆ ಡಬ್ಬಿ,
ದಕ್ಷಿಣದ ಅಡುಗೆಮನೆಗಳಿಗೆ.
ಇಷ್ಟೆಲ್ಲ ಇದಕ್ಕೇನಾ, ಅನ್ನಿಸುತ್ತದೆ ಒಮ್ಮೊಮ್ಮೆ.
ಇದಕ್ಕಲ್ಲದೆ ಇನ್ನೇತಕ್ಕೆ, ಅನ್ನಿಸುತ್ತದೆ ಇನ್ನೊಮ್ಮೆ:
ಒಂದು ದ್ವೀಪದ ಈರುಳ್ಳಿ ಹೆಚ್ಚುತ್ತ
ಇನ್ನೊಂದು ದ್ವೀಪದಲ್ಲಿ ಯಾರೋ ಕಣ್ಣೊರೆಸಿಕೊಳ್ಳಲಿ ಎಂದು.

ನಿಯಂತ್ರಣ ಕೊಠಡಿಯಿಂದ ಒದಾಜಿಮಾನ ಫೋನು.
ಚಿಗುಸಾ-ಸಾನ್, ಮೂರನೆಯ ಬಾವಿ?
ಅಡ್ಡಿಯಿಲ್ಲ.
ಅಡ್ಡಿಯಿಲ್ಲ ಅನ್ನುವುದು ಅಂಕಿಯಲ್ಲ, ಅನ್ನುತ್ತಾನೆ.
ಅಂಕಿ ಹೇಳುತ್ತೇನೆ.

ಪಾಳಿ ಮುಗಿಸಿ ಮೇಲೆ ಬಂದರೆ ಹಿಮ ನಿಂತಿದೆ.
ಬಾಗಿಲಲ್ಲೇ ಅಮ್ಮ ಜಾಕೀಟು ಕಸಿದುಕೊಳ್ಳುತ್ತಾಳೆ.
ವಾಷಿಂಗ್ ಮಷೀನಿಗೆ ಹಾಕುವ ಮುಂಚೆ,
ನಾನು ನೋಡುತ್ತಿಲ್ಲ ಎಂದುಕೊಂಡು,
ತೋಳಿನ ಅಂಚಿಗೆ ನಾಲಿಗೆ ತಾಗಿಸುತ್ತಾಳೆ,
ಕಣ್ಣು ಮುಚ್ಚಿ, ಏನನ್ನೋ ಎಣಿಸುವವಳ ಹಾಗೆ.
ಆಮೇಲೆ ಗುಂಡಿ ಒತ್ತುತ್ತಾಳೆ.